ಹಿರಿಯ ಅಳಿಯನ ಸೈಕಲ್ಲು

ನನ್ನ ಷಡ್ಡಕನ ಸೈಕಲ್ಲಿಗೆ ಡೈನಮೋ ಇತ್ತು. ನನ್ನದರಲ್ಲಿ ಬೆಲ್ಲು ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸದ್ದು ಮಾಡುತ್ತಿತ್ತು. ಹೆಂಡತಿಯ ತಂಗಿಯ ಗಂಡನ ಮೇಲೆ ಇಷ್ಟಕ್ಕೇ ಹೊಟ್ಟೆ ಉರಿಸಿಕೊಳ್ಳಬಹುದೇ ಎಂದು ಯಾರಾದರೂ ಕೇಳಬಹುದು. ಆ ಸೈಕಲ್ಲನ್ನು ಅವನಿಗೆ ಕೊಟ್ಟವರು ನಮ್ಮಿಬ್ಬರ ಮಾವನವರು. ಎಪ್ಪತ್ತಮೂರರಲ್ಲಿ ನನ್ನ ಮದುವೆಯಾದಾಗ ಅವರು ನನಗೊಂದು ವಾಚು ಕೊಟ್ಟಿದ್ದರು. ನಾಲ್ಕು ವರ್ಷದ ಮೇಲೆ ಎರಡನೆಯ ಮಗಳನ್ನು ಧಾರೆ ಎರೆಯುವಾಗ ಹೊಸ ಸೈಕಲ್ಲು ಕೊಟ್ಟರು. ವಾಚು ಕಟ್ಟಿಕೊಂಡು ಎಷ್ಟು ತಡವಾಯಿತೆಂದು ನೋಡಬಹುದಿತ್ತೇ ಹೊರತು ಬೇಗ ಹೋಗುವುದಕ್ಕೆ ಆಗುತ್ತಿರಲಿಲ್ಲ.

ನಾನು ಸೈಕಲ್ಲು ಕಲಿತದ್ದೇ ಮೂವತ್ತು ದಾಟಿದ ಮೇಲೆ. ಚಿಕ್ಕಂದಿನಲ್ಲಿ ಬಿದ್ದರೆ ಎಂಬ ಭಯ, ದೊಡ್ಡವನಾದ ಮೇಲೆ ಬಿದ್ದರೆ ಯಾರಾದರೂ ನೋಡಿದರೆ ಎಂಬ ಭಯ. ಕೊನೆಗೂ ಧೈರ್ಯ ಮಾಡಿ ತುಮಕೂರಿನ ಸೈಕಲ್ ಶಾಪೊಂದರಲ್ಲಿ ಅಗ್ಗದ್ದೊಂದನ್ನು ಕೊಂಡೆ. ಒಂದರ ಫ್ರೇಮು, ಇನ್ನೊಂದರ ಗಾಲಿ, ಮತ್ತೊಂದರ ಹ್ಯಾಂಡಲ್ಲು ಸೇರಿಸಿ ಶಾಪಿನವನೇ ಕಟ್ಟಿದ ಸೈಕಲ್ಲು ಅದು. ಮೂರು ಮನೆಯ ಸೊಸೆಯರು ಒಂದೇ ಅಡುಗೆಮನೆಯಲ್ಲಿ ನಿಂತ ಹಾಗೆ ಅದರ ಭಾಗಗಳು ಒಂದನ್ನೊಂದು ಬೈದುಕೊಳ್ಳುತ್ತ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ದೊಡ್ಡ ಮಾತು. ಶಾಲೆಗೆ ನಡೆದುಹೋಗುವ ಹುಡುಗಿಯರ ಗುಂಪೊಂದು ಒಮ್ಮೆ ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ ನಕ್ಕಿತ್ತು.

ಸೈಕಲ್ಲು ಅಗ್ಗದ್ದು, ಅದಕ್ಕೇ ನಿಧಾನ ಎಂದು ನಾನು ತೀರ್ಮಾನಿಸಿದ್ದೆ. ಷಡ್ಡಕ ಮುಂದೆ ಹೋಗುವುದು ಮಾವನವರು ಕೊಟ್ಟ ಕಂಪನಿ ಸೈಕಲ್ಲಿನ ದೆಸೆಯಿಂದ. ಅದು ನನಗೆ ಸಿಕ್ಕಿದ್ದರೆ ನಾನೂ ಹಾಗೇ ಹೋಗುತ್ತಿದ್ದೆ. ಈ ಮಾತನ್ನು ಹೆಂಡತಿಗೆ ಎಷ್ಟು ಸಲ ಹೇಳಿದ್ದೆನೆಂದರೆ, ನಾನು ಬಾಯಿ ತೆರೆಯುತ್ತಿದ್ದಂತೆಯೇ ಅವಳು, "ಹೂಂ, ಡೈನಮೋ" ಎಂದು ಒಳಗೆ ಹೋಗುತ್ತಿದ್ದಳು.

ಮಾವನವರ ಮನೆ ಗುಬ್ಬಿಯಲ್ಲಿ. ನಾವಿಬ್ಬರು ಅಳಿಯಂದಿರೂ ತುಮಕೂರಿನಲ್ಲಿ, ಎರಡು ಬೀದಿಯ ಅಂತರದಲ್ಲಿ. ದೀಪಾವಳಿಗೆ ಹೆಂಡತಿ ಮಕ್ಕಳು ಹಿಂದಿನ ದಿನವೇ ಬಸ್ಸಿನಲ್ಲಿ ಹೋಗುತ್ತಿದ್ದರು. ನೀರು ತುಂಬುವ ಶಾಸ್ತ್ರದ ಹೊತ್ತಿಗೆ ಗಂಡುಮಕ್ಕಳು ಅವರವರ ಮನೆಯಲ್ಲೇ ಇರಬೇಕೆಂದು ನನ್ನ ಅಮ್ಮನ ಹಟ, ಅವನ ಅಮ್ಮನದೂ ಅದೇ. ಹಾಗಾಗಿ ನಾವಿಬ್ಬರೂ ಚತುರ್ದಶಿಯ ಬೆಳಿಗ್ಗೆ ಸೈಕಲ್ಲಿನಲ್ಲಿ ಹೊರಡುತ್ತಿದ್ದೆವು. ಅಲ್ಲಿ ಹಂಡೆಯಲ್ಲಿ ನೀರು ಕಾದಿರುತ್ತಿತ್ತು. ಅಳಿಯಂದಿರನ್ನು ಮಣೆಯ ಮೇಲೆ ಕೂರಿಸಿ ಅತ್ತೆ ತಲೆಗೆ ಎಣ್ಣೆ ಇಟ್ಟು ಆರತಿ ಎತ್ತುವುದು ಆ ಮನೆಯ ಪದ್ಧತಿ. ಮೊದಲ ಮಣೆ ಹಿರಿಯ ಅಳಿಯನದು, ಅಂದರೆ ನನ್ನದು. ನಾನು ಬಸ್ಸಿನಲ್ಲಿ ಹೋಗುತ್ತಿದ್ದಷ್ಟು ಕಾಲ ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ಸೈಕಲ್ಲಿನಲ್ಲಿ ಹೊರಟ ಮೊದಲ ವರ್ಷವೇ, ನಾನು ತಲುಪುವ ಹೊತ್ತಿಗೆ ಷಡ್ಡಕ ಸ್ನಾನ ಮುಗಿಸಿ, ಹೊಸ ಪಂಚೆ ಉಟ್ಟು ತಿಂಡಿಗೆ ಕೂತಿದ್ದ.

"ನೀರು ಆರೋಗ್ತಿತ್ತು, ಅದಕ್ಕೇ ಅವರನ್ನ ಕೂರಿಸ್ಬಿಟ್ಟೆ. ಬೇಜಾರು ಮಾಡ್ಕೋಬೇಡಿ" ಎಂದಿದ್ದರು ಅತ್ತೆ.

ಬೇಜಾರು ಮಾಡಿಕೊಳ್ಳಬೇಡಿ ಎಂದ ಮೇಲೆ ಒಂದು ವರ್ಷ ಪೂರ್ತಿ ಅದನ್ನೇ ಮಾಡಿದೆ. ಒಮ್ಮೆ ತಪ್ಪಿದ್ದು ಎರಡನೆಯ ವರ್ಷವೂ ತಪ್ಪಿದರೆ ಅದೇ ರೂಢಿಯಾಗಿಬಿಡುತ್ತದೆ, ಆಮೇಲೆ ಮದುವೆ ಮುಂಜಿಯಲ್ಲೂ ಅವನ ಎಲೆ ಮೊದಲು, ನನ್ನ ಎಲೆ ಆಮೇಲೆ ಎಂದೆಲ್ಲ ಯೋಚಿಸಿದೆ.

ಮರುವರ್ಷ, ಅಂದರೆ ಎಪ್ಪತ್ತೊಂಬತ್ತರಲ್ಲಿ, ಐದು ಗಂಟೆಗೇ ಕದ್ದು ಹೊರಡೋಣವೆಂದು ಗೇಟು ತೆಗೆದರೆ ಅವನು ಎದುರಿಗೇ ನಿಂತಿದ್ದ. "ಒಟ್ಟಿಗೆ ಹೋಗೋಣ ಅಂತ ಬಂದೆ ಅಣ್ಣ" ಎಂದ. ನನ್ನ ಹೊಟ್ಟೆಕಿಚ್ಚಿನ ದೊಡ್ಡ ಕಷ್ಟ ಇದೇ. ಆ ಮನುಷ್ಯ ಒಳ್ಳೆಯವನು.

ಹೆಗ್ಗೆರೆ ಬರುವ ಹೊತ್ತಿಗೆ ಅವನು ಅರ್ಧ ಫರ್ಲಾಂಗು ಮುಂದಿದ್ದ. ನಾನು ತುಳಿದೆ. ತೊಡೆ ಉರಿಯಿತು, ಎದೆ ಹೊಡೆದುಕೊಂಡಿತು, ಇಲ್ಲೇ ಹೃದಯ ನಿಂತರೆ ಹಬ್ಬದ ದಿನ ಡಾಕ್ಟರೂ ಸಿಗುವುದಿಲ್ಲವೆಂದು ಯೋಚನೆಯಾಯಿತು. ಮಲ್ಲಸಂದ್ರದ ಹತ್ತಿರ ಅವನು ಕಾಲೂರಿ ನಿಂತು ಕಾಯುತ್ತಿದ್ದ. ಬೆವರಿರಲಿಲ್ಲ.

ತಡೆಯಲಾರದೆ ಹೇಳಿಬಿಟ್ಟೆ. "ನಿನ್ನದು ಬಿಡಪ್ಪ, ಕಂಪನಿ ಸೈಕಲ್ಲು. ನನ್ನ ಡಕೋಟದ ಮೇಲೆ ಕೂತಿದ್ರೆ ಗೊತ್ತಾಗ್ತಿತ್ತು."

"ಹಂಗಾದ್ರೆ ಬದಲು ಮಾಡ್ಕೊಳ್ಳೋಣ ಬನ್ನಿ" ಎಂದು ಅವನು ತಕ್ಷಣ ಇಳಿದ.

ಇಷ್ಟು ಸುಲಭಕ್ಕೆ ಒಪ್ಪುತ್ತಾನೆಂದು ಗೊತ್ತಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಸೀಟು ಎತ್ತರವಾಯಿತೆಂದೆ, ಇಳಿಸಿಕೊಟ್ಟ. ಆಮೇಲೆ ನನ್ನ ಸೈಕಲ್ಲಿನ ಹಿಂಭಾಗ ಎತ್ತಿ ಪೆಡಲನ್ನು ಕೈಯಿಂದ ಒಮ್ಮೆ ತಿರುಗಿಸಿದ. ಗಾಲಿ ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ತಿರುಗಿಸಿದ, ಮತ್ತೆ ನಿಂತಿತು.

"ಅಣ್ಣ, ಬ್ರೇಕಿನ ರಬ್ಬರ್ರು ರಿಮ್ಮನ್ನ ಹಿಡ್ಕೊಂಡೇ ಇದೆಯಲ್ಲ! ಯಾರು ಇಷ್ಟು ಬಿಗಿ ಮಾಡಿದ್ದು?"

ಮಾಡಿಸಿದ್ದು ನಾನೇ. ಗಾಳಿ ಹೊಡೆಸಲು ಹೋದಾಗಲೆಲ್ಲ ಶಾಪಿನವನಿಗೆ, "ಬ್ರೇಕು ಇನ್ನೊಂಚೂರು ಬಿಗಿ ಮಾಡಪ್ಪ, ಇಳಿಜಾರಲ್ಲಿ ಕೈ ಕೊಟ್ರೆ?" ಎನ್ನುತ್ತಿದ್ದೆ. "ಇದಕ್ಕಿಂತ ಬಿಗಿ ಮಾಡಿದ್ರೆ ತಲೆ ಮೇಲೆ ಹೊತ್ಕೊಂಡೋಗ್ಬೇಕು ಸಾರ್" ಎಂದು ಅವನು ಗೊಣಗುತ್ತಲೇ ಮಾಡಿಕೊಡುತ್ತಿದ್ದ. ಅದನ್ನು ಷಡ್ಡಕನಿಗೆ ಹೇಳಲಿಲ್ಲ. "ಈ ಶಾಪಿನೋರೇ ಹಿಂಗೆ" ಎಂದೆ.

ಅವನ ಸೀಟಿನ ಹಿಂದೆ ತೂಗುತ್ತಿದ್ದ ಚರ್ಮದ ಚೀಲದಲ್ಲಿ ಸ್ಪ್ಯಾನರು ಇತ್ತು. ಇರದೆ ಏನು! ಎರಡು ಸುತ್ತು ನಟ್ಟು ಸಡಿಲಿಸಿ ಹತ್ತಿ ಹೋದ. ನನ್ನ ಡಕೋಟ, ನನ್ನನ್ನು ಒಂದು ದಿನವೂ ನೆಟ್ಟಗೆ ಹೊರದ ಆ ದರಿದ್ರ, ಅವನ ಕೆಳಗೆ ಕುಣಿಗಲ್ಲಿನ ಕುದುರೆಯಂತೆ ಓಡಿತು. ಅಷ್ಟು ಹೊತ್ತೂ ಅವನ ಸೈಕಲ್ಲಿನ ಮೇಲಿದ್ದ ಹೊಟ್ಟೆಕಿಚ್ಚು ಈಗ ನನ್ನ ಸೈಕಲ್ಲಿನ ಮೇಲೆ ತಿರುಗಿತು. ನಾನು ಕೂತಿದ್ದ ಕಂಪನಿ ಸೈಕಲ್ಲು ಇಳಿಜಾರಿನಲ್ಲಿ ಬೆಣ್ಣೆಯ ಹಾಗೆ ಜಾರುತ್ತಿತ್ತು. ಅಷ್ಟು ಜಾರುವುದು ನನಗೆ ಸರಿಬೀಳದೆ ಎರಡೂ ಬ್ರೇಕು ಒತ್ತಿಕೊಂಡೇ ಇಳಿದೆ.

ಗುಬ್ಬಿಯ ಮೊದಲ ಮನೆಗಳು ಕಾಣುವಲ್ಲಿ ಅವನು ಹುಣಸೆಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದ. ಅಷ್ಟರಲ್ಲಿ ಮಾವನ ಮನೆ ಸೇರಿ ಸ್ನಾನವನ್ನೇ ಮುಗಿಸಿರಬಹುದಿತ್ತು. ನನ್ನನ್ನು ಕಂಡು ಎದ್ದು ನಿಂತು, "ನೀವು ಮುಂದೆ ನಡೀರಿ ಅಣ್ಣ. ನಾನು ಈ ಚೈನೊಂದು ನೋಡಿ ಬರ್ತೀನಿ" ಎಂದ.

ಚೈನು ಚೆನ್ನಾಗಿಯೇ ಇತ್ತು. ಬೇಡ, ಒಟ್ಟಿಗೆ ಹೋಗೋಣ ಎನ್ನಬೇಕಾಗಿತ್ತು. ಅನ್ನಲಿಲ್ಲ. ಹುಷಾರಪ್ಪ ಎಂದಷ್ಟೇ ಹೇಳಿ ತುಳಿದೆ.

ಬಾಗಿಲಲ್ಲಿದ್ದ ಅತ್ತೆ, "ಹಿರೇ ಅಳಿಯಂದ್ರೇ ಮೊದ್ಲು ಬಂದ್ರು!" ಎಂದು ಒಳಗೆ ಕೂಗಿದರು. ಮಣೆ ಬಂತು. ಕೂತೆ. ನೆತ್ತಿಯ ಮೇಲೆ ಎಣ್ಣೆ ಬಿತ್ತು. ವರ್ಷವೆಲ್ಲ ಕಾದಿದ್ದ ಆ ಗಳಿಗೆಯಲ್ಲಿ ಕಣ್ಣು ಮುಚ್ಚಿದೆ. ಆಗ ಹೊರಗಿನಿಂದ ಮಾವನವರ ದನಿ ಕೇಳಿತು.

"ಏನೋ ಇದು, ಈ ಗುಜರಿ ಸೈಕಲ್ಲಲ್ಲಿ ಬಂದೆಯಾ? ನಾನು ಕೊಟ್ಟಿದ್ದೆಲ್ಲಿ?"

"ಅಣ್ಣಂಗೆ ಕೊಟ್ಟೆ ಮಾವ."

"ನೋಡಿದ್ಯೇನೇ," ಮಾವನವರು ಇಡೀ ಬೀದಿಗೆ ಕೇಳುವಂತೆ ಅತ್ತೆಗೆ ಹೇಳಿದರು, "ಒಳ್ಳೇದು ಅಣ್ಣಂಗೆ ಕೊಟ್ಟು ತಾನು ಇದರ ಮೇಲೆ ಬಂದವ್ನೆ. ಇಂಥಾ ಬುದ್ಧಿ ಎಷ್ಟು ಜನಕ್ಕಿರ್ತದೆ ಹೇಳು!"

ಎಣ್ಣೆಯ ಬಟ್ಟಲು ಹಿಡಿದಿದ್ದ ಅತ್ತೆ ಅಲ್ಲೇ ನಿಂತು, ಬಾಗಿಲ ಕಡೆ ನೋಡುತ್ತ, "ಬಂಗಾರದಂಥ ಹುಡುಗ" ಎಂದರು. ಎಣ್ಣೆ ನನಗೆ, ಕಣ್ಣು ಅವನ ಮೇಲೆ.

ಬಚ್ಚಲಿನಲ್ಲಿ ಹೆಂಡತಿ ಬೆನ್ನಿಗೆ ಸೀಗೆಪುಡಿ ತಿಕ್ಕುತ್ತಿದ್ದಳು. "ಅವರು ಎಷ್ಟೊತ್ತು ಕಾದರು?" ಎಂದಳು.

"ಯಾರು? ಎಲ್ಲಿ?"

"ನಿಮ್ಮ ಅಂಗಿ ಬಿಚ್ಚುವಾಗ್ಲೂ ಬೆವರಲ್ಲಿ ತೊಯ್ದಿತ್ತು. ಅವರ ಅಂಗಿ ಆಗಲೇ ಒಣಗಿತ್ತು."

ಸೀಗೆಪುಡಿ ಕಣ್ಣಿಗೆ ಬಿತ್ತೆಂದು ನಾನು ಕಣ್ಣು ಉಜ್ಜಿಕೊಂಡೆ.

"ಹೋಗಿ ಹೇಳಲಾ, ಮುಂದಿನ ವರ್ಷದಿಂದ ಅವರೇ ಮೊದಲು ಕೂತ್ಕೊಳ್ಳಲಿ ಅಂತ?"

"ಬೇಡ" ಎಂದೆ. ಎಷ್ಟು ಬೇಗ ಅಂದೆನೆಂದರೆ ಅವಳ ಕೈ ನಿಂತುಹೋಯಿತು. ಆಮೇಲೆ ನಗುತ್ತ, ಕುದಿಯುವಂಥ ನೀರು ಒಂದು ಚೊಂಬು ನನ್ನ ನೆತ್ತಿಯ ಮೇಲೆ ಹೊಯ್ದಳು.