ಅಡುಗೆ ಅಯ್ಯನೋರ ಮೂಗು

ಹೋದ ವಾರ ಪಾವಗಡಕ್ಕೆ, ಬೀಗರ ಮನೆಗೆ ಹೊರಟಿದ್ದೆ. ರುಚಿ ಬಲ್ಲ ಮನೆ ಅದು. ಬರಿಗೈಲಿ ಹೋಗುವಂತಿಲ್ಲ, ಏನೋ ಒಂದು ಒಯ್ದರೂ ನಡೆಯುವುದಿಲ್ಲ. ಮಧುಗಿರಿ ಪೇಟೆಯ ಕಾಫಿಪುಡಿ ಅಂಗಡಿ ಮುಂದೆ ನಿಂತೆ. ಬೀಜ ಹುರಿಯುವ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಬೀದಿಯ ಅಡುಗೆ ಅಯ್ಯನೋರು ನೆನಪಾದರು. ಕಾಫಿಪುಡಿ ಕೊಳ್ಳಲು ಕೈ ಬರಲಿಲ್ಲ. ಪಕ್ಕದ ಅಂಗಡಿಯಲ್ಲಿ ಕಡಲೆಕಾಯಿ ಚಿಕ್ಕಿ ಕಟ್ಟಿಸಿಕೊಂಡು ಬಸ್ಸು ಹತ್ತಿದೆ...

ಅವರು ದೊಡ್ಡೇರಿ ಕಡೆಯವರು. ನಮ್ಮ ಬೀದಿಯಲ್ಲಿ ಮದುವೆಯಾಗಲಿ, ನಾಮಕರಣವಾಗಲಿ, ತಿಥಿಯಾಗಲಿ, ಅವರದೇ ಸೌಟು. ಅಡುಗೆಗೆ ಕರೆಯಲು ಹೋದಾಗ ವೀಳ್ಯದ ಜೊತೆಗೆ ತಿನ್ನುವ ಪದಾರ್ಥ ಏನಾದರೂ ಕೊಡುವುದು ವಾಡಿಕೆ. ತಿನ್ನಲು ಬಲ್ಲವರಿಗೆ ತಿನ್ನುವುದನ್ನು ಆರಿಸಿ ಕೊಡುವಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ. ಒಮ್ಮೆ ತುಪ್ಪ ಒಯ್ದೆ. ಮುಚ್ಚಳ ತೆಗೆದು ಮೂಸಿ, "ಹಸಿನ ತುಪ್ಪ ಅಂತ ಯಾರಮ್ಮ ಹೇಳಿದ್ದು? ಎಮ್ಮೇದು ಬೆರೆಸವ್ರೆ" ಅಂದರು. ಶಿರಾದ ಸಾಬರ ಅಂಗಡಿಯಿಂದ ಖರ್ಜೂರ ತರಿಸಿದೆ. "ಹೋದ ವರ್ಷದ್ದು ಕಣಮ್ಮ" ಅಂದರು. ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ಕಾಫಿಪುಡಿಯೊಂದೇ ಗತಿಯಾಯಿತು. ಅದನ್ನಾದರೂ ಹೊಗಳುತ್ತಿದ್ದರೇ? ಪೊಟ್ಟಣ ಬಿಚ್ಚದೆ ಮೂಗಿಗೆ ಹಿಡಿದು, ಚಿಕೋರಿ ಎಷ್ಟು, ಹುರಿದು ಎಷ್ಟು ದಿನವಾಯಿತು ಅಂತ ಹೇಳಿ ಒಳಗಿಡುತ್ತಿದ್ದರು, ಅಷ್ಟೇ.

ಆ ಮೂಗೇ ಅವರ ಬಂಡವಾಳ. ಎಡೆ ಇಡುವ ತನಕ ಅಡುಗೆಯನ್ನು ಯಾರೂ ನಾಲಿಗೆಗೆ ಹಚ್ಚುವಂತಿಲ್ಲ, ಹಚ್ಚಿದರೆ ಎಂಜಲು. ಅವರು ಕೊಪ್ಪರಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು "ಉಪ್ಪು ಐತೆ" ಅಂದರೆ ಸರಿಯಾಗಿ ಇರುತ್ತಿತ್ತು.

ನನ್ನ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಸಾರು ಸರಿಯಿಲ್ಲವೆಂದು ಗಂಡಿನ ತಂದೆ ಹಿಂದೊಂದು ಸಂಬಂಧವನ್ನೇ ಬಿಟ್ಟು ಎದ್ದುಬಂದಿದ್ದರಂತೆ. ನಿಜವೋ ಸುಳ್ಳೋ, ನನ್ನ ಎದೆಯಲ್ಲಂತೂ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಇನ್ನು ನಾಲ್ಕು ದಿನವಿದೆ ಅನ್ನುವಾಗ ವೀಳ್ಯ ಕೊಡಲು ಹೋದೆ. ಅಯ್ಯನೋರು ಪೊಟ್ಟಣ ಮೂಗಿಗೆ ಹಿಡಿದು, "ಭೇಷ್! ಇವತ್ತೇ ಹುರಿದಿರೋದು. ಒಳ್ಳೇ ಬೀಜ" ಅಂದರು. ಅಷ್ಟು ವರ್ಷದಲ್ಲಿ ಮೊದಲ ಭೇಷ್! ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ. ಚೀಲ ತೆಗೆದರೆ ಕಾಫಿಪುಡಿ ಅಲ್ಲೇ ಇತ್ತು. ನಾನು ಕೊಟ್ಟುಬಂದದ್ದು ಯಜಮಾನರ ಕೆಮ್ಮಿಗೆಂದು ಅದೇ ಅಂಗಡಿಯಲ್ಲಿ ಕೊಂಡಿದ್ದ ಕಷಾಯದ ಪುಡಿ.

ಮೊದಲು ನಗು ಬಂತು. ಆಮೇಲೆ ಹೊಳೆಯಿತು: ವಾಸನೆಯೇ ಹತ್ತದ ಮೂಗನ್ನು ನಂಬಿ ನಿಶ್ಚಿತಾರ್ಥದ ಅಡುಗೆ ಒಪ್ಪಿಸಿ ಬಂದಿದ್ದೆ.

ಮಾರನೇ ದಿನ ಅಡುಗೆ ಬೇಡವೆಂದು ಹೇಳಿಬಿಡೋಣ ಅಂತಲೇ ಹೋದೆ. ಅವರ ಹೆಂಡತಿ, ಅಮ್ಮನೋರು, ಒಬ್ಬರೇ ಇದ್ದರು. ನನ್ನ ಮುಖ ನೋಡಿದವರೇ ಸೆರಗು ಬಾಯಿಗೆ ಒತ್ತಿಕೊಂಡರು.

"ಪೊಟ್ಟಣ ಬಿಚ್ಚಿದ್ದು ನಾನೇ ಕಣಮ್ಮ. ಮನೇಲಿದ್ದ ಹಳೇ ಪುಡೀಲೇ ಕಾಫಿ ಮಾಡ್ಕೊಟ್ಟೆ, ನೀವು ಕೊಟ್ಟಿದ್ದು ಅಂತ ಕುಡಿದ್ರು. ಒಂದ್ಸಲ ಜ್ವರ ಬಂದೋದಾಗಿಂದ ಇಂಗೇ. ವಾಸ್ನೇನೇ ಹತ್ತಾಕಿಲ್ಲ. ಯಾರ್ಗೂ ಹೇಳ್ಬ್ಯಾಡಿ... ಕೆಲ್ಸ ಬುಡಿಸಿದ್ರೆ ಅವ್ರು ಬದುಕಾಕಿಲ್ಲ."

ಬೇಡ ಅನ್ನಲು ಬಾಯಿ ಬರಲಿಲ್ಲ. ಕರುಣೆಯೊಂದೇ ಅಲ್ಲ, ಮೂರು ದಿನದಲ್ಲಿ ಬೇರೆ ಅಡುಗೆಯವರು ಎಲ್ಲಿ ಸಿಗುತ್ತಾರೆ ಅನ್ನುವ ಲೆಕ್ಕವೂ ಇತ್ತು. ಸುಳ್ಳು ಯಾಕೆ ಹೇಳಲಿ?

ನಿಶ್ಚಿತಾರ್ಥದ ದಿನ ಬೆಳಗಿನಿಂದ ನಾನು ಮಗಳ ಹತ್ತಿರ ಇರಲೇ ಇಲ್ಲ, ಹಿತ್ತಲಿನ ಒಲೆಯ ಹತ್ತಿರವೇ ಸುತ್ತಿದೆ. ಅಮ್ಮನೋರು ಎಂದೂ ಬಾರದವರು ಅವತ್ತು ಕೈಜೋಡಿಸಲು ಬಂದಿದ್ದರು. ಹೋಳಿಗೆ ಆಗಿತ್ತು. ಹೋಳಿಗೆ ಸಾರು ಕುದಿಯುತ್ತಿತ್ತು. ಅಯ್ಯನೋರು ಎಂದಿನಂತೆ ಬಗ್ಗಿದರು, ಕಣ್ಣು ಮುಚ್ಚಿದರು, ಉಸಿರೆಳೆದರು. "ಉಪ್ಪು ಐತೆ. ಎಡೆಗೆ ಬಡಿಸ್ಕೊಳ್ಳಿ" ಅಂದು ಕೈ ತೊಳೆಯಲು ತಿರುಗಿದರು. ನಮ್ಮತ್ತೆ ಬಾಳೆಲೆ ಹಿಡಿದು ಬರುತ್ತಿದ್ದರು. ಹೊರಗೆ ಬೀಗರು ಎಲೆಯ ಮುಂದೆ ಕೂರಲು ತಯಾರಾಗಿದ್ದರು.

ನನಗೆ ತಡೆಯಲಾಗಲಿಲ್ಲ. ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿಬಿಟ್ಟೆ.

ಬಾಯಲ್ಲಿ ಇಡಲಾಗದಷ್ಟು ಉಪ್ಪು! ತಲೆಯೆತ್ತಿದರೆ ಅಯ್ಯನೋರು ನಿಂತು ನನ್ನ ಅಂಗೈಯನ್ನೇ ನೋಡುತ್ತಿದ್ದರು. "ಅಯ್ಯನೋರೇ... ಉಪ್ಪು ಒಂದಿಷ್ಟು..." ಅಂದೆ. ಮುಂದೆ ಹೇಳಬೇಕಾಗಲಿಲ್ಲ. ಅವರ ಮುಖ ಸುಣ್ಣದ ಹಾಗೆ ಬಿಳುಪೇರಿತು. ಬೇರೆ ಪಾತ್ರೆಯಲ್ಲಿ ಉಪ್ಪು ಹಾಕದ ಬೇಳೆಕಟ್ಟು ಮಿಕ್ಕಿತ್ತು. ಅದನ್ನೂ ಹುಣಸೆ ರಸವನ್ನೂ ಸುರಿದರು. "ಈಗ ನೋಡಿ ಅಮ್ಮ" ಎಂದು ಸೌಟನ್ನು ಅವರೇ ನನ್ನ ಮುಂದೆ ಹಿಡಿದರು. ಎಡೆ ಇನ್ನೂ ಇಟ್ಟಿರಲಿಲ್ಲ. ನಾನು ಮತ್ತೆ ನೆಕ್ಕಿ, "ಸರಿಯಿದೆ" ಅಂದೆ.

ಊಟ ಸಾಂಗವಾಯಿತು. ಬೀಗರು ಸಾರನ್ನು ದೊನ್ನೆಯಲ್ಲಿ ಕುಡಿದರು. "ಚಾಲಾ ಬಾಗುಂದಿ ಅಮ್ಮಾ, ಬಲು ಚೆನ್ನಾಗಿದೆ, ಇಂಥಾ ಸಾರು ತಿಂದು ಎಷ್ಟು ವರ್ಷ ಆಯ್ತೋ" ಅಂದರು. ಮಗಳ ಮದುವೆ ಗಟ್ಟಿಯಾಯಿತು.

ಪಾತ್ರೆ ತೊಳೆಸಿ ಹೊರಡುವಾಗ ಅಯ್ಯನೋರು ನನ್ನ ಹತ್ತಿರ ಬಂದರು. "ಕ್ವಾಪ ಇಲ್ಲ ಕಣಮ್ಮ. ನೀವು ನೋಡ್ದೇ ಇದ್ದಿದ್ರೆ ಇಬ್ಬರ ಮಾನಾನೂ ಹೋಗ್ತಿತ್ತು. ನಲವತ್ತು ವರ್ಷ ಮೂಗು ನಡೆಸ್ತು, ಮೂಗು ಹೋದ್ಮೇಲೆ ಕೈ ನಡೆಸ್ತು. ಈಗ ಕೈನೂ ತಪ್ಪೋಯ್ತು, ಸಾಕು ಬುಡಿ." ಆಮೇಲೆ ಅವರು ಯಾರ ವೀಳ್ಯವನ್ನೂ ಹಿಡಿಯಲಿಲ್ಲ. ಜಗಲಿಯ ಮೇಲೆ ಕೂತಿರುತ್ತಿದ್ದರು. ನಾನು ಆ ಜಗಲಿ ತಪ್ಪಿಸಿ ಸುತ್ತು ಹಾಕಿಕೊಂಡು ಓಡಾಡಿದೆ. ಒಂದೂವರೆ ವರ್ಷಕ್ಕೆ ತೀರಿಕೊಂಡರು.

ಮಣ್ಣಾದ ಮೇಲೆ ಅಮ್ಮನೋರು ನನ್ನ ಕೈ ಹಿಡಿದು ಮೂಲೆಗೆ ಕರೆದೊಯ್ದರು. "ಅವತ್ತು ನಾನೂ ಕದ್ದು ಉಪ್ಪು ಹಾಕ್ಬುಟ್ಟಿದ್ದೆ ಕಣಮ್ಮ. ಎಲ್ಲಿ ಕಮ್ಮಿ ಹಾಕವ್ರೋ ಅಂತ. ಅವ್ರು ಸರಿಯಾಗೇ ಹಾಕಿದ್ರು... ಆಮೇಲೆ ಹೆಂಗ್ ಹೇಳ್ಲಿ?"

ಹೋದ ವಾರ ಬೀಗರು ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಚಿಕ್ಕಿ ಮುರಿಯುತ್ತ ಕೇಳಿದರು: "ಇವನ ನಾಮಕರಣಕ್ಕೆ ಆ ಸಾರಿನವರನ್ನೇ ಕರೆಸಿ ಅಮ್ಮಾ." ತೀರಿಹೋದರು ಅಂದೆ. ಅಯ್ಯೋ ಪಾಪ ಅಂದರು. ಅಯ್ಯನೋರ ಕೈ ಕೊನೆಯವರೆಗೂ ತಪ್ಪಿರಲಿಲ್ಲ ಎಂಬುದು ನನಗೂ ಅಮ್ಮನೋರಿಗೂ ಗೊತ್ತು. ಗೊತ್ತಾಗಬೇಕಿದ್ದವರಿಗೆ ಮಾತ್ರ ಗೊತ್ತಾಗದೆ ಹೋಯಿತು.