ಹುರಿದ ಮೆಂತ್ಯದಷ್ಟು ಕಹಿ

ಗುಳುಕ್. ಸ್ವಲ್ಪ ಹೊತ್ತು ಮೌನ. ಮತ್ತೆ ಗುಳುಕ್. ಮರಳೂರಿನ ನಮ್ಮ ಮನೆಯ ಸ್ಟೋರ್ ರೂಮಿನಲ್ಲಿ ಬಿಯರ್ ಹುಳಿಯುತ್ತಿದ್ದ ಡಬ್ಬದ ನಳಿಕೆಯಿಂದ ಗ್ಯಾಸ್ ಹೊರಬರುವ ಸದ್ದು ಅದು. ನಿಂತರೆ ನನಗೆ ಭಯ, ಜೋರಾದರೂ ಭಯ.

ಬಿಯರ್ ಮಾಡುತ್ತಿದ್ದವನು ಕುಣಿಗಲ್ಲಿನಲ್ಲಿದ್ದ ನನ್ನ ತಮ್ಮ. ಅವನ ಸೊಸೆಗೆ ಆ ವಾಸನೆ ಆಗದು. ಸಾಮಾನೆಲ್ಲ ನನ್ನ ಅಡುಗೆಮನೆಗೆ ಬಂತು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಕೆಳಗೆ ಓದಿದ ನಾನು ಎಪ್ಪತ್ತು ದಾಟಿದ ಮೇಲೆ ಬ್ರೂವರಿ ಅಸಿಸ್ಟೆಂಟ್! ಬೇಡವೆನ್ನಲು ಮನಸ್ಸು ಬರಲಿಲ್ಲ. ಯಾವುದೋ ಜ್ವರ ಬಂದುಹೋದಾಗ ಅವನ ನಾಲಿಗೆಯ ರುಚಿಯನ್ನೇ ಒಯ್ದಿತ್ತು. ಉಪ್ಪು, ಸಿಹಿ ಒಂದಿಷ್ಟು ಮರಳಿದ್ದವು; ಕಹಿ ಮಾತ್ರ ಇಲ್ಲ. "ಬರಬಹುದು, ವೇಯ್ಟ್ ಮಾಡಿ" ಎಂದಿದ್ದರು ಡಾಕ್ಟರು. ಊಟ ಸೇರದೆ ಅವನ ಶರ್ಟು ಹೆಗಲಿನಿಂದ ಜಾರುತ್ತಿತ್ತು. ಬಿಯರ್ ಮಾಡುವುದೊಂದರಲ್ಲೇ ಆಸೆ ಉಳಿದಿತ್ತು.

ಒಂದು ಸಲ ಬಾರ್ಲಿ ಮಾಲ್ಟಿನ ರಸ ಕುದಿದು ಬತ್ತಿ ತೀರ ಗಟ್ಟಿಯಾಯಿತು. ಡೇರಿಯಲ್ಲಿ ಹಾಲಿಗಿಡುವಂಥ ಗಾಜಿನ ಮೀಟರ್ ಇಳಿಬಿಟ್ಟರೆ ಬೇಕಾದ ಗೆರೆಗಿಂತ ಮೇಲೆ ತೇಲಿತು. ಅವನು ಕನ್ನಡಕ ಹುಡುಕುವಷ್ಟರಲ್ಲಿ ನಾನು ಕಾಯಿಸಿ ಆರಿಸಿದ ನೀರನ್ನು ಚೊಂಬಿನಿಂದ ಅದಕ್ಕೆ ಸುರಿದುಬಿಟ್ಟಿದ್ದೆ.

"ಅಕ್ಕಾ! ಏನ್ ಮಾಡ್ದೆ?"

"ನೆಂಟ್ರು ಬಂದಾಗ ಸಾರಿಗೆ ಹಾಕಲ್ವೇನೋ?"

"ಸ್ಟ್ರೆಂತ್ ಸರಿಹೋಯ್ತು ಬುಡು. ಕಹೀನೂ ತೆಳ್ಳಗಾಯ್ತಲ್ಲ! ಸಾರಿಗಾದ್ರೆ ಮತ್ತೆ ಉಪ್ಪು ಖಾರ ಹಾಕಲ್ವಾ ನೀನು?"

ಹಾಪ್ಸ್ ಎಂಬ ಕಹಿ ಹೂವಿನ ಹಸಿರು ಗುಳಿಗೆಗಳನ್ನು ಮತ್ತೊಂದಿಷ್ಟು ಬೇರೆ ಪಾತ್ರೆಯಲ್ಲಿ ಕುದಿಸಿ, ಸೋಸಿ, ಒಂದೊಂದೇ ಸೌಟು ಬೆರೆಸಿದ. ರುಚಿ ನೋಡುವ ನಾಲಿಗೆ ನನ್ನದು.

"ಹಾಗಲಕಾಯಿ ಗೊಜ್ಜಿನಷ್ಟಾ?"

"ಅಷ್ಟಿಲ್ಲಪ್ಪ. ಹುರಿದ ಮೆಂತ್ಯದಷ್ಟು."

"ಸಾಕು ಹಂಗಾದ್ರೆ. ಈಗ ಸಿಹಿ ಮುಚ್ಕೊಂಡಿದೆ. ಈಸ್ಟ್ ಸಿಹಿ ತಿಂದ್ಮೇಲೆ ಕಹಿ ಎದ್ದು ಕಾಣ್ತದೆ."

ಆಮೇಲೆ ತಳದಲ್ಲಿ ಉಳಿದ ಹಾಪ್ಸ್ ನೀರನ್ನೇ ಒಂದು ಚಮಚ ಬಾಯಿಗೆ ಹಾಕಿಕೊಂಡ. ನಾನು ಅವನ ಮುಖವನ್ನೇ ನೋಡಿದೆ. ಹುಬ್ಬು ಸಹ ಅಲುಗಲಿಲ್ಲ.

"ನೀರು ಕಣಕ್ಕಾ" ಎಂದು ನಕ್ಕ. ನಾನು ಸಿಂಕಿನ ಕಡೆ ತಿರುಗಿ, ತೊಳೆದಿದ್ದ ಸೌಟನ್ನೇ ಮತ್ತೆ ತೊಳೆದೆ.

ಹುಳಿದದ್ದನ್ನು ಬಾಟಲಿಗೆ ತುಂಬಿ, ಬುರುಗು ಏಳಲೆಂದು ಕಾದು, ಮೊದಲನೆಯದನ್ನು ತೆರೆದ ದಿನವೂ ಅಷ್ಟೆ. ನನಗೆ ಗಂಟಲವರೆಗೂ ಕಹಿ. ಅವನು, "ತಣ್ಣಗೆ ಚೆನ್ನಾಗಿದೆ" ಎಂದ. ಪಾಪ, ಪೊಲೈಟ್ ಆಗಿ.

ಅವತ್ತು ಸಂಜೆ ಅವನ ಜೊತೆ ಬಸ್‌ಸ್ಟ್ಯಾಂಡಿಗೆ ನಾನೂ ಹೋದೆ. ಕುಣಿಗಲ್ ಬಸ್ಸಿನ ಕಿಟಕಿಯೊಳಗೆ ಪೇಪರ್ ಕಪ್ಪಿನಲ್ಲಿ ಕಾಫಿ ಕೊಟ್ಟೆ. ಅಂಗಡಿಯವನು ಕೊನೆಯ ಡಿಕಾಕ್ಷನ್ನನ್ನೆಲ್ಲ ಬಗ್ಗಿಸಿದ್ದಿರಬೇಕು. ಒಂದು ಗುಟುಕು ಕುಡಿದವನ ಮುಖ ಮಗುವಿನಂತೆ ಕಿವುಚಿಕೊಂಡಿತು.

"ಥೂ! ಅಕ್ಕಾ, ಕಹಿ! ಕಹಿ ಕಣಕ್ಕಾ ಇದು!"

"ಯಜಮಾನ್ರೇ, ಸಕ್ಕರೆ ಹಾಕಿಸ್ಕೊಳಿ ಬೇಗ, ಬಸ್ ಹೊರಡ್ತದೆ" ಎಂದ ಕಂಡಕ್ಟರ್.

"ಬ್ಯಾಡ ಬ್ಯಾಡ!" ತಮ್ಮ ಕಪ್ಪನ್ನು ಎದೆಗೊತ್ತಿಕೊಂಡ.

ಆ ವಾರವೇ ನಿದ್ದೆಯಲ್ಲಿ ಹೋದನಂತೆ. ನಾನು ಅವನನ್ನು ಕೊನೆಯದಾಗಿ ನೋಡಿದ್ದು ಬಸ್ಸು ತಿರುಗುವಾಗ: ಇನ್ನೊಂದು ಗುಟುಕು ಕುಡಿದು, ಮತ್ತೆ ಮುಖ ಕಿವುಚಿ, ಕಿಟಕಿಯಿಂದ ನನಗೆ ಕಪ್ಪನ್ನು ಎತ್ತಿ ತೋರಿಸುತ್ತಿದ್ದ.