ನಾಲ್ಕನೆಯ ಸಲ ಕರೆದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಾಗಿರಲಿಲ್ಲ. ದೆವ್ವ ಬಡಿಯಿತು, ಮೈಮೇಲೆ ಬಂತು ಎನ್ನುವುದಂತೂ ಬಿಡಿ, 'ನನ್ನನ್ನು ನಾನೇ ದೂರ ನಿಂತು ನೋಡಿದೆ' ಎಂದು ಅಳುವ ರೋಗಿಗಳನ್ನು ಕಂಡರೂ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಕೆಲಸ ತಪ್ಪಿಸಿಕೊಳ್ಳಲು ಹಾಕುವ ಸೋಗು ಎಂದುಕೊಳ್ಳುತ್ತಿದ್ದೆ. ಹೀಗೆ ಅಂದುಕೊಳ್ಳುವವಳು ಮನೋರೋಗದ ಡಾಕ್ಟರ ಹತ್ತಿರವೇ ಕೆಲಸಕ್ಕಿದ್ದಳು ಎಂದರೆ ನೀವು ನಗಬಹುದು. ನಗಿ. ಕೆಲವು ವರ್ಷಗಳ ಹಿಂದೆ ಒಂದು ಗುರುವಾರ ಖಾನಾಪುರದಲ್ಲಿ ನಡೆದದ್ದನ್ನು ಓದಿದ ಮೇಲೂ ನಗು ಉಳಿದಿದ್ದರೆ ನಿಮ್ಮ ಧೈರ್ಯಕ್ಕೆ ಕೈಮುಗಿಯುತ್ತೇನೆ. ಹೆಸರು ಬದಲಿಸಿದ್ದೇನೆ. ಬೇರೇನನ್ನೂ ಬದಲಿಸಿಲ್ಲ.

ಬೆಳಗಾವಿಯ ನೆಹರು ನಗರದಲ್ಲಿ ಆ ಡಾಕ್ಟರ ಸಣ್ಣ ಕ್ಲಿನಿಕ್ಕು. ಕೇಸ್‌ಪೇಪರ್ ಬರೆಯುವುದು, ಸರದಿ ಕೂಗುವುದು ನನ್ನ ಕೆಲಸ. ಡಾಕ್ಟರ್ ಮೇಡಂ ಮೈಸೂರು ಕಡೆಯವರು, ನನಗಿಂತ ವಯಸ್ಸಿನಲ್ಲಿ ಚಿಕ್ಕವರು. ಮರಾಠಿ ಅವರಿಗೆ ಒಂದಕ್ಷರ ಬಾರದು. ನಮ್ಮದು ಮುತ್ತಜ್ಜನ ಕಾಲದಿಂದ ಬೆಳಗಾವಿಯಲ್ಲೇ ಇರುವ ಜೈನರ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಹಾಗಾಗಿ ಮರಾಠಿ ರೋಗಿಗಳ ಮಾತನ್ನು ಮೇಡಂಗೆ ಕನ್ನಡದಲ್ಲಿ ದಾಟಿಸುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಗುರುವಾರಕ್ಕೊಮ್ಮೆ ಮೇಡಂ ಖಾನಾಪುರದ ಪೇಟೆಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದರು. ಅವತ್ತು ಈ ಕೆಲಸವೇ ಹೆಚ್ಚು.

ಮೇಡಂ ನನಗೆ ಹಾಕಿಕೊಟ್ಟ ನಿಯಮ ಒಂದೇ. "ಅವರು ಹೇಳಿದ್ದನ್ನ ಅವರೇ ಹೇಳ್ತಿರೋ ಥರ ಹೇಳಿ. ಹೀಗಂತಾರೆ, ಹಾಗಂತಾರೆ ಅನ್ನೋದು ಬೇಡ. ಮಧ್ಯದಲ್ಲಿ ನೀವಿದ್ದೀರಿ ಅನ್ನೋದೇ ನನಗೆ ಮರೆತುಹೋಗ್ಬೇಕು." ಹೀಗಾಗಿ ರೋಗಿ 'ನನಗೆ ಬದುಕು ಸಾಕಾಗಿದೆ' ಎಂದರೆ ನಾನೂ ನಿರ್ವಿಕಾರವಾಗಿ 'ನನಗೆ ಬದುಕು ಸಾಕಾಗಿದೆ' ಎನ್ನುತ್ತಿದ್ದೆ. ಒಂದೇ ಬೆಳಗಿನಲ್ಲಿ ಗಂಡ ಬಿಟ್ಟವಳಾಗುತ್ತಿದ್ದೆ, ಕುಡುಕನಾಗುತ್ತಿದ್ದೆ, ನಿದ್ದೆ ಬಾರದ ಮುದುಕನಾಗುತ್ತಿದ್ದೆ. ಮಧ್ಯಾಹ್ನ ಬಸ್ಸು ಹತ್ತಿದ ಕೂಡಲೇ ಅವರನ್ನೆಲ್ಲ ಕೆಳಗಿಳಿಸಿ ನಾನು ನಾನಾಗುತ್ತಿದ್ದೆ. ಅದರ ಬಗ್ಗೆ ನನಗೆ ಸಣ್ಣ ಸೊಕ್ಕೂ ಇತ್ತೆಂದು ಕಾಣುತ್ತದೆ.

ಶೇವಂತಾ ಬಂದದ್ದು ಇಂಥ ಗುರುವಾರಗಳಲ್ಲೊಂದು. ಮೂವತ್ತರ ಆಸುಪಾಸಿನ ಹೆಂಗಸು. ಕನ್ನಡ ತಿಳಿಯುತ್ತಿತ್ತು, ಮಾತಾಡಲು ಬಾರದು. ಜೊತೆಗೆ ಅವಳ ನಾದಿನಿ. ಕಿತ್ತೂರು ಕಡೆ ಕೊಟ್ಟವಳು, ಎರಡೂ ಭಾಷೆ ನೀರು ಕುಡಿದಷ್ಟು ಸಲೀಸು. ಹಿಂದಿನ ಮಳೆಗಾಲದಲ್ಲಿ ನೆನೆದ ಮಣ್ಣಿನ ಗೋಡೆ ಕುಸಿದು ಶೇವಂತಾಳ ಅತ್ತೆ, ಎಂದರೆ ಈ ನಾದಿನಿಯ ತಾಯಿ, ಅದರಡಿ ಸಿಕ್ಕು ತೀರಿಕೊಂಡಿದ್ದರು. ಶೇವಂತಾ ಆಗ ಹಿತ್ತಲಲ್ಲಿದ್ದಳು. ಅಂದಿನಿಂದ ಅವಳು ಕೂತಲ್ಲೇ ಎಲ್ಲಿಗೋ 'ಹೋಗಿಬಿಡುತ್ತಿದ್ದಳು'. ರೊಟ್ಟಿ ಬೇಯಿಸುತ್ತ ಕಾದ ಹಂಚಿನ ಮೇಲೆ ಅಂಗೈ ಊರಿ ನಿಂತಿದ್ದಳಂತೆ. ಚರ್ಮದ ವಾಸನೆ ಬಂದು ಗಂಡ ಎಳೆದ ಮೇಲೇ ತಿಳಿದದ್ದು. ಗೋಡೆ ಬಿದ್ದ ದಿನದ್ದನ್ನು ಏನು ಕೇಳಿದರೂ ನೆನಪಿಲ್ಲ ಎನ್ನುತ್ತಿದ್ದಳು. ನಾದಿನಿ ಪಕ್ಕದಲ್ಲಿ ಕೂರದಿದ್ದರೆ ಬಾಯೇ ಬಿಡುತ್ತಿರಲಿಲ್ಲ.

ಮೊದಲ ದಿನವೇ ಮೇಡಂ ಅವಳಿಗೆ ತಿಳಿಸಿ ಹೇಳಿದ್ದರು. ಅದಕ್ಕೆ ಡಿಸೋಸಿಯೇಶನ್ ಅನ್ನುತ್ತಾರೆ, ಹುಚ್ಚಲ್ಲ, ನಾಟಕವಲ್ಲ, ಗಾಳಿಯೂ ಅಲ್ಲ. ತಾಳಲಾರದ್ದು ಎದುರಾದಾಗ ಮನಸ್ಸು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಕರೆಂಟು ಹೆಚ್ಚಾದಾಗ ಫ್ಯೂಸು ಹೋಗುವ ಹಾಗೆ. ಮನೆ ಸುಡಬಾರದೆಂದೇ ಫ್ಯೂಸು ಹೋಗುವುದು. ಈ ಮಾತನ್ನು ಬೇರೆ ಬೇರೆ ರೋಗಿಗಳಿಗೆ ಮರಾಠಿಯಲ್ಲಿ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಬಾಯಿಗೆ ಮಾತ್ರ ಪಾಠವಾಗಿತ್ತು ಎನ್ನುವುದು ಆಮೇಲೆ ತಿಳಿಯಿತು.

ನಾನು ಮೊದಲೇ ಹೇಳಿದ ಆ ಗುರುವಾರ ಅವಳದು ಮೂರನೆಯ ಭೇಟಿ. ಬೆಳಗಿನ ಹನ್ನೊಂದು ಗಂಟೆ, ಕಿಟಕಿಯ ಹೊರಗೆ ಪೇಟೆಯ ಗದ್ದಲ. ಚತುರ್ದಶಿಯಾದ್ದರಿಂದ ನನಗೆ ಉಪವಾಸ. ಯಾರೋ ತಂದಿಟ್ಟ ಚಹಾ ನನ್ನ ಮುಂದೆ ಆರುತ್ತಿತ್ತು. ಗೋಡೆ ಬೀಳುವ ಮುಂಚೆ ಏನಾಯಿತು ನೆನಪಿಸಿಕೊಳ್ಳಿ ಎಂದು ಮೇಡಂ ಮೆಲ್ಲಗೆ ಕೇಳಿದರು. ಶೇವಂತಾ, ತಾನು ಹಿತ್ತಲಲ್ಲಿ ನಿಂತಿದ್ದೆ, ನಿಂತಿರುವ ತನ್ನನ್ನು ತಾನೇ ನೋಡುತ್ತಿದ್ದೆ ಎಂದಳು. "ಹಿತ್ತಲಲ್ಲಿ ನಿಂತಿದ್ದೆ. ನಿಂತಿರುವ ನನ್ನನ್ನು ನಾನೇ ನೋಡುತ್ತಿದ್ದೆ" ಎಂದು ನಾನು ಕನ್ನಡದಲ್ಲಿ ಹೇಳಿದೆ.

ಹೇಳಿದ್ದು ನನಗೆ ಕೇಳಿಸಿತು. ಆದರೆ ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ, ಗೋಡೆಯಾಚೆಯಿಂದ. ಮೇಜಿನ ಮೇಲಿದ್ದ ಕೈ ನನ್ನದೆಂದು ಗೊತ್ತಿತ್ತು, ಅನಿಸುತ್ತಿರಲಿಲ್ಲ. ಅದನ್ನು ಎತ್ತೋಣವೆಂದರೆ ಎತ್ತುವುದು ಹೇಗೆಂದೇ ತಿಳಿಯಲಿಲ್ಲ. ಪೇಟೆಯ ಸದ್ದು ನಿಂತುಹೋಯಿತು. ಆಮೇಲೆ ನನಗೆ ಕಂಡದ್ದು ಒಬ್ಬ ಹೆಂಗಸಿನ ಬೆನ್ನು. ಕುಪ್ಪಸದ ಹೊಲಿಗೆ ಭುಜದ ಹಿಂದೆ ಬಿಚ್ಚಿತ್ತು, ತುರುಬಿನಿಂದ ಒಂದು ಪಿನ್ನು ಜಾರಿ ನೇತಾಡುತ್ತಿತ್ತು. ಪಾಪ, ಇವಳಿಗೆ ಯಾರಾದರೂ ಹೇಳಬಾರದೇ ಎಂದುಕೊಂಡೆ. ಮರುಕ್ಷಣ, ಅವಳು ನಾನೇ ಎಂದು ಹೊಳೆಯಿತು. ಅಂಥ ಹೆದರಿಕೆ ನನ್ನ ಆಯುಷ್ಯದಲ್ಲಿ ಆಗಿರಲಿಲ್ಲ. ಕೂಗಬೇಕೆಂದುಕೊಂಡೆ. ಬಾಯಿ ಆ ಹೆಂಗಸಿನ ಹತ್ತಿರ ಇತ್ತು, ಅವಳು ಅದರಲ್ಲಿ ಬೇರೇನೋ ಮಾತಾಡುತ್ತಿದ್ದಳು. ಅಷ್ಟೇ ನೆನಪು.

ಮತ್ತೆ ನಾನು ನನ್ನೊಳಗೆ ಬಂದಾಗ ನಾದಿನಿ ಎದ್ದು ನಿಂತಿದ್ದಳು. ಅವಳ ಕುರ್ಚಿ ಹಿಂದಕ್ಕೆ ಬಿದ್ದಿತ್ತು. ಅವಳು ನೋಡುತ್ತಿದ್ದದ್ದು ಶೇವಂತಾಳನ್ನಲ್ಲ, ನನ್ನನ್ನು.

"ಏನಂದ್ರಿ? ಇನ್ನೊಮ್ಮೆ ಅನ್ರಿ! ನಮ್ಮವ್ವ ಕರದಿದ್ಲು? ನಾಕ್ ಸಲಾ ಕರದಿದ್ಲು? ಈಕಿ ಕೇಳಿಸ್ಕೊಂಡೂ ಸುಮ್ಕ ನಿಂತಿದ್ಲು?"

ನಾನೇನಂದೆ ಎಂದು ನನಗೇ ಗೊತ್ತಿರಲಿಲ್ಲ. ಶೇವಂತಾ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ನಾದಿನಿ ಚೀಲ ಎತ್ತಿಕೊಂಡು ಹೋಗೇಬಿಟ್ಟಳು. ಮೇಡಂ ಅವಳ ಹಿಂದೆ ಓಡಿದರು. ಗಡಿಯಾರದಲ್ಲಿ ಹನ್ನೆರಡು ದಾಟಿತ್ತು. ನನ್ನ ಮುಂದಿನ ಚಹಾದ ಕಪ್ಪು ಖಾಲಿಯಾಗಿತ್ತು, ನಾಲಗೆಯ ಮೇಲೆ ಸಕ್ಕರೆ ಇತ್ತು. ಬುದ್ಧಿ ತಿಳಿದಾಗಿನಿಂದ ಒಮ್ಮೆಯೂ ಮುರಿಯದ ಉಪವಾಸ. ಕೈ ಹಿಂದೆ ಹಾಕಿ ತುರುಬು ಮುಟ್ಟಿಕೊಂಡೆ. ಪಿನ್ನು ಜಾರಿ ನೇತಾಡುತ್ತಿತ್ತು.

ರೋಗಿಗಳ ಮುಖ್ಯವಾದ ಮಾತನ್ನು ಮೇಡಂ ತಲೆ ಎತ್ತದೆ, ಕೇಳಿದ ಹಾಗೇ ಬರೆದುಕೊಳ್ಳುತ್ತಿದ್ದರು. ಹಾಳೆ ಮೇಜಿನ ಮೇಲೆಯೇ ಇತ್ತು. ಕೊನೆಯ ಸಾಲು ಇದು: 'ನಾಲ್ಕು ಸಲ ಕರೆದರು. ಕೇಳಿಸಿತು. ನಾನು ಓ ಅನ್ನಲಿಲ್ಲ.'

ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಇನ್ನೊಮ್ಮೆ ಓದಿದೆ. ಆ ಮಾತು ನನ್ನದು.

ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ನನಗೆ ಹತ್ತು ವರ್ಷ. ಮನೆಯವರೆಲ್ಲ ಒಂದು ಮದುವೆಗೆ ಹೋಗಿದ್ದರು, ಮನೆಯಲ್ಲಿ ಅಜ್ಜಿ ಮತ್ತು ನಾನು. ಅಜ್ಜಿಗೆ ಸೂರ್ಯ ಮುಳುಗಿದ ಮೇಲೆ ಅನ್ನವಿಲ್ಲ, ನೀರೂ ಇಲ್ಲ. ಮುಳುಗುವ ಮುಂಚೆ ಕಾಸಿ ಸೋಸಿದ ನೀರು ಒಂದು ತಂಬಿಗೆ ಕುಡಿದರೆ ಮತ್ತೆ ಬೆಳಗಿಗೇ. ಆ ನೀರು ಕೊಡುವುದು ನನ್ನ ಕೆಲಸ. ಅವತ್ತು ಏನಕ್ಕೋ ಬೈದಿದ್ದಳು, ನಾನು ಮುನಿಸಿಕೊಂಡು ಅಟ್ಟ ಹತ್ತಿ ಕೂತಿದ್ದೆ. "ಏ ತಂಗೀ, ನೀರ್ ತಾರವ್ವಾ, ಹೊತ್ತ ಮುಳಗಾಕ ಬಂತು" ಎಂದು ಕೆಳಗಿಂದ ಕರೆದಳು. ಕೇಳಿಸಿತು. ಓ ಅನ್ನಲಿಲ್ಲ. ಇನ್ನೊಮ್ಮೆ ಕರೆದಳು, ಮತ್ತೊಮ್ಮೆ ಕರೆದಳು. ಅಟ್ಟದ ಕಿಂಡಿಯಲ್ಲಿ ಸೂರ್ಯ ಮುಳುಗಿದ್ದು ಕಂಡಿತು. ಇನ್ನು ಕೇಳು ನೋಡೋಣ, ಎಂದು ಮನಸ್ಸಿನಲ್ಲೇ ಹಲ್ಲು ಕಿಸಿದೆ. ಕೆಳಗಿಳಿದಾಗ ಕತ್ತಲಾಗಿತ್ತು. ಅಜ್ಜಿ ಕಂಬಕ್ಕೆ ಒರಗಿ ಒಂದು ಬದಿಗೆ ವಾಲಿದ್ದಳು, ತಂಬಿಗೆ ಉರುಳಿತ್ತು. ಎರಡು ದಿನ ಹಾಗೇ ಇದ್ದು, ಕಣ್ಣು ಬಿಡದೆ ಹೋದಳು. ಆಟಕ್ಕೆ ಹೋಗಿದ್ದೆ ಎಂದು ಎಲ್ಲರಿಗೂ ಸುಳ್ಳು ಹೇಳಿದೆ.

ನನ್ನ ಪಾಪವನ್ನು ಇನ್ನೊಬ್ಬಳ ಬಾಯಿಗೆ ಹಾಕಿ ಅವಳ ಸಂಸಾರಕ್ಕೆ ಕೊಳ್ಳಿ ಇಟ್ಟೆನೇ? ಬೆಳಗಾವಿಗೆ ಬರುವ ಬಸ್ಸಿನಲ್ಲಿ ಇದೊಂದೇ ಯೋಚನೆ. ಆಮೇಲೆ ಒಂದು ಹುಲ್ಲುಕಡ್ಡಿ ಸಿಕ್ಕಿತು. ಅಜ್ಜಿ ಕರೆದದ್ದು ಮೂರು ಸಲ. ಅಷ್ಟು ವರ್ಷಗಳಲ್ಲಿ ಅದನ್ನು ಎಷ್ಟು ಸಲ ಎಣಿಸಿದ್ದೇನೆಂದರೆ ಅದರಲ್ಲಿ ತಪ್ಪಾಗುವ ಮಾತೇ ಇಲ್ಲ. ಹಾಳೆಯಲ್ಲಿ ಇದ್ದದ್ದು ನಾಲ್ಕು. ಹಾಗಾದರೆ ಅದು ಶೇವಂತಾಳೇ ಹೇಳಿದ್ದು, ನಾನು ಮಂಪರಿನಲ್ಲಿ ಸರಿಯಾಗಿಯೇ ದಾಟಿಸಿದ್ದೇನೆ. ಹೀಗೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೇಡಂಗೆ ಮಾತ್ರ ಏನೂ ಹೇಳಲಿಲ್ಲ, ಹೆದರಿಕೆ. ಆ ದಿನಗಳಲ್ಲಿ ಒಲೆಯ ಮುಂದೆ ನಿಲ್ಲಲು, ರಸ್ತೆ ದಾಟಲು, ಕನ್ನಡಿ ನೋಡಲು ಕೂಡ ಅಂಜುತ್ತಿದ್ದೆ. ಗಳಿಗೆಗೊಮ್ಮೆ ತೋಳು ಚಿವುಟಿಕೊಂಡು, ಇದ್ದೇನೆ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದೆ.

ಮೂರು ಗುರುವಾರ ಕಳೆದರೂ ಶೇವಂತಾ ಬರಲಿಲ್ಲ. ಮೇಡಂ ಫೋನು ಮಾಡಿಸಿದಾಗ ಅವಳ ಗಂಡ, ತವರಿಗೆ ಹೋಗಿದ್ದಾಳೆ, ನಂದಗಡಕ್ಕೆ, ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಆಗ ನನಗೆ ತಡೆಯಲಾಗಲಿಲ್ಲ. ರಜೆ ಹಾಕಿ ನಂದಗಡಕ್ಕೆ ಹೋದೆ.

ಶೇವಂತಾ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ನನ್ನನ್ನು ಕಂಡು ಸಿಟ್ಟಾಗಲಿಲ್ಲ. ಸ್ವಲ್ಪ ಹೆದರಿದಳು ಎನಿಸಿತು. ಆ ದಿನ ನೀನು ಹೇಳಿದ್ದನ್ನೇ ನಾನು ಹೇಳಿದೆನಲ್ಲವೇ ಎಂದು ಕೇಳಿದೆ. "ಮೀ ಕಾಹೀಚ್ ನಾಹಿ ಬೋಲ್ಲೆ, ಬಾಯಿ" ಎಂದಳು, ನಾನು ಏನೇನೂ ಹೇಳಲಿಲ್ಲ ಎಂದು. ಮುಂದೆ ಅವಳು ಮರಾಠಿಯಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. ದಾಟಿಸುವ ಕೆಲಸದಲ್ಲಿ ಇದೊಂದನ್ನಾದರೂ ತಪ್ಪಿಲ್ಲದೆ ಮಾಡುತ್ತೇನೆಂದು ನಂಬಿ.

"ಡಾಕ್ಟರಬಾಯಿ ಕೇಳಿದಾಗ ನಾ ಬಾಯಿ ಮುಚ್ಚಿ ಕುಂತಿದ್ದೆ. ನೀವು ಚಹಾ ಕುಡದು, ಕಪ್ಪ ಕೆಳಗಿಟ್ಟು, ನನ್ನ ಮುಖಾ ನೋಡ್ಕೋತ ಆ ಮಾತ ಅಂದ್ರಿ. ನನಗ ಎದಿ ಒಡದಂಗ ಆತು. ನನ್ನ ಹೊಟ್ಟ್ಯಾಗಿಂದು ಇವರಿಗಿ ಯಾರ್ ಹೇಳಿದ್ರು ಅಂತ."

"ಅಂದ್ರ... ಅದು ಖರೇನ?"

"ಖರೇ ಐತ್ರಿ. ಆವತ್ತ ಮುಂಜಾನಿ ನಮಗ ಜಗಳ ಆಗಿತ್ತು. ಅತ್ತಿ ಒಳಗಿಂದ ಕರದ್ಲು. ಸಿಟ್ಟಿನಾಗ ಸುಮ್ಕ ನಿಂತೆ. ಆಮ್ಯಾಲ ಗ್ವಾಡಿ ಬಿತ್ತು. ನಾದಿನಿ ಈಗ ನನ್ನ ಮಾರಿ ನೋಡಂಗಿಲ್ಲ. ಆದ್ರ ನೀವು ಅಂದ ಆ ದಿನದಿಂದ ನಾ ಕುಂತಲ್ಲೆ ಎಲ್ಲೂ ಹೋಗಿಲ್ರಿ. ಸುಟ್ರ ಸುಟ್ಟಿದ್ದು ತಿಳೀತದ." ಬೊಬ್ಬೆ ಮಾಯ್ದ ಅಂಗೈ ಚಾಚಿ ತೋರಿಸಿದಳು. "ಒಂದ ಮಾತ್ ತಪ್ಪಿದ್ರಿ ನೀವು. ನಾಕ್ ಸಲಾ ಅಲ್ಲ. ಮೂರ ಸಲಾ. ದಿನಾ ಎಣಸ್ತೀನಿ, ನನಗ ಗೊತ್ತಿಲ್ಲೇನು?"

ನಂದಗಡದಿಂದ ಹೇಗೆ ತಿರುಗಿ ಬಂದೆನೋ ನೆನಪಿಲ್ಲ. ಆ ನೆನಪಿಲ್ಲದಿರುವುದಕ್ಕೂ ಈಗ ಹೆದರಿಕೆಯಾಗುತ್ತದೆ.

ಮರುದಿನ ಮೇಡಂಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಮೊದಲು ಅವರು ಹೇಳಿದ್ದು, ತಪ್ಪು ತಮ್ಮದು, ಮಧ್ಯದಲ್ಲಿ ಒಂದು ಮನುಷ್ಯಜೀವವಿದೆ ಎಂಬುದನ್ನು ತಾವು ಮರೆಯಬಾರದಿತ್ತು ಎಂದು. ಆಮೇಲೆ ಅವರು ಹೇಳಿದ್ದನ್ನೆಲ್ಲ ನಾನು ಎಷ್ಟೋ ರೋಗಿಗಳಿಗೆ ಮರಾಠಿಯಲ್ಲಿ ಹೇಳಿದವಳೇ. ತಾಳಲಾರದ್ದನ್ನು ಮನಸ್ಸು ಎತ್ತಿ ಬೇರೆ ಕಡೆ ಇಟ್ಟಿರುತ್ತದೆ, ಅದೇ ಬಾಗಿಲು ತಟ್ಟಿದರೆ ಹೊರಗೆ ಬರುತ್ತದೆ. ಸರಿ. ನನ್ನ ಮಾತು ನನ್ನಿಂದ ಹೊರಬಂದದ್ದಕ್ಕೆ ಅದು ಉತ್ತರ. ಆದರೆ ಶೇವಂತಾಳದ್ದು ನನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಮೇಡಂ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. "ಗೊತ್ತಾಗಿರ್ಲಿಕ್ಕಿಲ್ಲ. ಯಾರಾದ್ರೂ ಸತ್ತಾಗ ಉಳಿದವರ ಹತ್ರ ಇಂಥದ್ದೊಂದು ಇದ್ದೇ ಇರುತ್ತೆ ಅನ್ಸುತ್ತೆ. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ" ಎಂದರು. ಅವರ ಹತ್ತಿರವೇ ಕೆಲವು ತಿಂಗಳು ಔಷಧಿ ತೆಗೆದುಕೊಂಡೆ, ಎದುರಿನ ಕುರ್ಚಿಯಲ್ಲಿ ಕೂತು ಮಾತಾಡಿದೆ. ಸೋಗು ಎಂದು ನಾನು ಅಂದುಕೊಂಡ ಪ್ರತಿಯೊಬ್ಬರಿಗೂ ಆ ಕುರ್ಚಿಯಲ್ಲಿ ಕೂತೇ ಮನಸ್ಸಿನಲ್ಲಿ ಕ್ಷಮೆ ಕೇಳಿದೆ.

ಆದರೂ ಒಂದು ಉಳಿದುಬಿಟ್ಟಿದೆ. ಶೇವಂತಾಳದ್ದು ಮೂರು, ನನ್ನದೂ ಮೂರು. ನಾಲ್ಕನೆಯದು ಯಾರದು? ನನ್ನದೇ ಇರಬೇಕು, ಬೇರೆ ದಾರಿಯಿಲ್ಲ. ಮೂರನೆಯ ಸಲ ಕರೆದ ಮೇಲೆ ಸೂರ್ಯ ಮುಳುಗಿದ. ಮುಳುಗಿದ ಮೇಲೆ ಅಜ್ಜಿ ಪ್ರಾಣ ಹೋದರೂ ನೀರು ಕೇಳುವವಳಲ್ಲ. ಹಾಗಾದರೆ ನಾಲ್ಕನೆಯ ಸಲ ಕರೆದದ್ದು ನೀರಿಗಲ್ಲ. ಅದನ್ನು ಕೇಳಿಸಿಕೊಂಡ ಹತ್ತು ವರ್ಷದವಳು ಅಟ್ಟದ ಮೇಲಿದ್ದಳು, ಅವಳಿಗೆ ಅಜ್ಜಿ ಏನೆಂದು ಕರೆದಳು ಎನ್ನುವುದೂ ಗೊತ್ತಿದೆ. ನನಗೆ ಮಾತ್ರ ಗೊತ್ತಿಲ್ಲ.

ಈಗ ಯಾರೇ ಕರೆದರೂ ಮೊದಲನೆಯ ಸಲಕ್ಕೇ ಓ ಅನ್ನುತ್ತೇನೆ. ಮನೆಯಲ್ಲಿ ಅದೊಂದು ತಮಾಷೆಯಾಗಿದೆ. ಮೊನ್ನೆ ಸಂಜೆ ದೀಪ ಹಚ್ಚಿ ಕೂತಿದ್ದಾಗ ನಮ್ಮ ಯಜಮಾನರು ಪೇಪರ್ ಕೆಳಗಿಟ್ಟು, "ಯಾರಿಗಿ ಓ ಅನ್ನಾಕತ್ತಿ? ಯಾರೂ ಕರದಿಲ್ಲಲ್ಲ" ಎಂದು ನಕ್ಕರು. ನಾನು ಏನೂ ಅಂದಿರಲಿಲ್ಲ, ಸುಮ್ಮನೆ ಕೂತಿದ್ದೆ ಎಂದೇ ನನ್ನ ನೆನಪು. ಎಷ್ಟು ಸಲ ಅಂದೆ ಎಂದು ಅವರನ್ನು ಕೇಳಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಈವರೆಗೆ ಕೇಳಿಲ್ಲ.